ಕರಾವಳಿಯ ಹಳೆಯ ಊರನ್ನು ಓದುವ ಕ್ರಮ: ಬಾರಕೂರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ಬಾರಕೂರಿಗೆ ಹೋಗಿ ಬಂದವರು ತೋರಿಸುವ ಫೋಟೋಗಳಲ್ಲಿ ಕತ್ತಲೆ ಬಸದಿಯ ಕಂಬಗಳಿರುತ್ತವೆ, ಕೋಟೆಯ ಗೋಡೆಯಿರುತ್ತದೆ, ಪಾಚಿಗಟ್ಟಿದ ಕೆರೆಯಿರುತ್ತದೆ. ಈ ಕಂಬ ಯಾವ ಗುಡಿಯದು, ಬಾಗಿಲು ಯಾವ ದಿಕ್ಕಿಗಿತ್ತು, ಆ ಶಾಸನದಲ್ಲಿ ಶಕವರ್ಷ ಇತ್ತೇ ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಮತ್ತೆ ಹೋಗುತ್ತಾರೆ, ಮತ್ತೆ ಅದೇ ಫೋಟೋಗಳೊಂದಿಗೆ ಮರಳುತ್ತಾರೆ. ಇವರಲ್ಲಿ ಆಸಕ್ತಿಗೆ ಕೊರತೆಯಿಲ್ಲ. ಎಲ್ಲರೂ ಕೊನೆಯಲ್ಲಿ ಮಾಡಬೇಕಾದದ್ದನ್ನು ಮೊದಲು ಮಾಡುತ್ತಾರೆ: ಬಸ್ಸಿಳಿದವರೇ ದೊಡ್ಡ ದೇವಸ್ಥಾನಕ್ಕೆ ನುಗ್ಗುತ್ತಾರೆ. ಊರನ್ನು ನೀರಿನ ಕಡೆಯಿಂದ ಕೇರಿಗೆ, ಕೇರಿಯಿಂದ ಕಟ್ಟಡಕ್ಕೆ, ಕಟ್ಟಡದಿಂದ ಕಲ್ಲಿನ ಅಕ್ಷರಕ್ಕೆ ಓದುತ್ತ ಬರಬೇಕು. ಇಲ್ಲಿನ ಹಂತಗಳು ಅದೇ ಕ್ರಮದಲ್ಲಿವೆ. ಉದಾಹರಣೆ ಬಾರಕೂರಿನದಾದರೂ ಬಸರೂರಿಗಾಗಲಿ ಭಟ್ಕಳಕ್ಕಾಗಲಿ ಇದೇ ಕ್ರಮ ಸಲ್ಲುತ್ತದೆ.

## ಜೊತೆಗಿರಬೇಕಾದ ಸಾಮಾನು

ದಪ್ಪ ರಟ್ಟಿನ ನೋಟುಪುಸ್ತಕ, ಎರಡು ಪೆನ್ಸಿಲ್ (ಬೆವರು ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ), ಐದು ಮೀಟರಿನ ಅಳತೆ ಟೇಪು, ಒಂದು ಅಡಿಕೋಲು, ಬಲವಾದ ಬೆಳಕಿನ ಟಾರ್ಚು, ಮೃದು ಕೂದಲಿನ ಬ್ರಷ್, ಪೂರ್ತಿ ಚಾರ್ಜ್ ಆದ ಮೊಬೈಲ್, ಕುಡಿಯುವ ನೀರು. ದೇವಸ್ಥಾನದ ಒಳಗೆ ಹೋಗುವ ಗಂಡಸರಿಗೆ ಒಂದು ಪಂಚೆ ಅಥವಾ ಶಾಲು ಇದ್ದರೆ ಒಳ್ಳೆಯದು. ಕರಾವಳಿಯ ಅನೇಕ ದೇವಸ್ಥಾನಗಳಲ್ಲಿ ಅಂಗಿ ತೆಗೆಯಬೇಕಾಗುತ್ತದೆ.

ಚೀಲದಲ್ಲಿ ಇರಬಾರದವು: ಸೀಮೆಸುಣ್ಣ, ತಂತಿಯ ಬ್ರಷ್, ಎಣ್ಣೆ, ಗುದ್ದಲಿ. ಕಾರಣ ಆರನೆಯ ಹಂತದಲ್ಲಿದೆ.

## ಹಂತ 1: ತಿಂಗಳು ಆರಿಸಿಕೊಳ್ಳಿ

ಒಂದೇ ಭೇಟಿಯಲ್ಲಿ ಎಲ್ಲ ಮುಗಿಸುತ್ತೇನೆ ಎಂದುಕೊಳ್ಳಬೇಡಿ. ಕಟ್ಟಡ ಮತ್ತು ಶಾಸನ ನೋಡುವುದಕ್ಕೆ ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಸರಿಯಾದ ಕಾಲ. ಪಾಚಿ ಒಣಗಿರುತ್ತದೆ, ಗದ್ದೆಯ ಕೊಯ್ಲು ಮುಗಿದಿರುವುದರಿಂದ ಬಯಲಿನ ನಡುವಿನ ಕಲ್ಲುಗಳ ಬಳಿಗೆ ನಡೆದುಹೋಗಬಹುದು.

ಹಿರಿಯರೊಡನೆ ಮಾತನಾಡಲು ಬೇರೆ ಕಾಲ ಬೇಕು. ತುಳುವರು ಆಟಿ ಎನ್ನುವ, ಕುಂದಾಪುರದ ಕಡೆಯವರು ಆಸಾಡಿ ಎನ್ನುವ ಮಳೆಗಾಲದ ತಿಂಗಳಲ್ಲಿ ಹೋಗಿ. ಉತ್ಸವವಿಲ್ಲ, ಮದುವೆಯಿಲ್ಲ, ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ. ಮಳೆ ಸುರಿಯುವ ಮಧ್ಯಾಹ್ನ ಜಗಲಿಯಲ್ಲಿ ಕೂತವರಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಜಾತ್ರೆಯ ದಿನ ಮೊಕ್ತೇಸರರನ್ನು (ದೇವಸ್ಥಾನದ ಆಡಳಿತ ನೋಡುವವರನ್ನು) ನಿಲ್ಲಿಸಿಕೊಂಡು ಇತಿಹಾಸ ಕೇಳಲು ಹೊರಟವರು ನಿರಾಶರಾಗಿ ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

## ಹಂತ 2: ಮನೆಯಲ್ಲಿಯೇ ನಕ್ಷೆ ಓದಿ

ಜನರ ಬಾಯಲ್ಲಿರುವ ಊರಿನ ಹೆಸರೂ ಕಂದಾಯ ಇಲಾಖೆಯ ಗ್ರಾಮದ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ನಾವು ಬಾರಕೂರು ಎನ್ನುವ ಊರು ದಾಖಲೆಯಲ್ಲಿ ಹನೆಹಳ್ಳಿ, ಕಚ್ಚೂರು, ಹೊಸಾಳ ಗ್ರಾಮಗಳಲ್ಲಿ ಹರಡಿಕೊಂಡಿದೆ. ‘ಬಾರಕೂರು’ ಎಂದಷ್ಟೇ ಹುಡುಕಿದವರಿಗೆ ಗ್ರಾಮನಕ್ಷೆ ಸಿಗುವುದಿಲ್ಲ. ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಮೊದಲು ಗ್ರಾಮಗಳ ಹೆಸರು ಪಟ್ಟಿ ಮಾಡಿ, ಆಮೇಲೆ ಭೂದಾಖಲೆ ಇಲಾಖೆಯ ಜಾಲತಾಣದಿಂದ ಒಂದೊಂದರ ನಕ್ಷೆ ಇಳಿಸಿಕೊಳ್ಳಿ. ಸ್ಥಳಕ್ಕೆ ಹೋದಾಗ ನೀವು ನಿಂತ ಜಾಗದ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ತೋರಿಸುತ್ತದೆ.

ನಕ್ಷೆಯ ಮೇಲೆ ಸ್ಥಳನಾಮಗಳನ್ನು ಗುರುತಿಸಿ. ಕೇರಿ ಎಂದು ಮುಗಿಯುವ ಹೆಸರುಗಳಿಗೆ ಒಂದು ಬಣ್ಣ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ಬಾರಕೂರಿನ ಶಾಸನಗಳು ಹತ್ತು ಕೇರಿಯ ಹಲರನ್ನು, ಅಂದರೆ ಕೇರಿಗಳ ನಾಗರಿಕ ಸಮೂಹವನ್ನು ಹೆಸರಿಸುತ್ತವೆ. ಆದುದರಿಂದ ಕೇರಿಯ ಹೆಸರು ಹಳೆಯ ಪೇಟೆಯ ಒಂದು ಭಾಗದ ಗುರುತು. ಇನ್ನೊಂದು ಬಣ್ಣ ನೆಲದ ಸ್ವರೂಪ ಹೇಳುವ ಹೆಸರುಗಳಿಗೆ. ಕುದ್ರು ನದಿಯ ನಡುಗಡ್ಡೆ, ಕೋಡಿ ಸಮುದ್ರದ ಕಡೆಗೆ ಚಾಚಿದ ಮರಳುನಾಲಗೆ, ಹಾಡಿ ಮರಗಳ ತೋಪು. ಬೆಟ್ಟು ಎಂದರೆ ಇಲ್ಲಿ ಬೆಟ್ಟವಲ್ಲ, ಬೈಲಿಗಿಂತ ಎತ್ತರದ ಗದ್ದೆ. ಘಟ್ಟದ ಮೇಲಿನಿಂದ ಬಂದವರು ಬೆಟ್ಟು ಎಂಬ ಹೆಸರು ಕಂಡು ಗುಡ್ಡ ಹುಡುಕಿ ಸಮಯ ಕಳೆಯುತ್ತಾರೆ.

ಎಚ್ಚರಿಕೆಯ ಒಂದು ಮಾತು. ಹೆಸರಿನಲ್ಲಿ ‘ಕೋಟೆ’, ‘ಬಸದಿ’, ‘ಬಂದರು’ ಇದ್ದ ಮಾತ್ರಕ್ಕೆ ಅಲ್ಲಿ ಅದು ಇತ್ತು ಎಂದು ಬರೆಯಬೇಡಿ. ‘ಇರಬಹುದು, ನೋಡಬೇಕು’ ಎಂದು ಬರೆದುಕೊಳ್ಳಿ.

## ಹಂತ 3: ಯಾರನ್ನು ಕೇಳಬೇಕೋ ಅವರನ್ನೇ ಕೇಳಿ

ದೇವಸ್ಥಾನವಾದರೆ ಅರ್ಚಕರ ಜೊತೆಗೆ ಆಡಳಿತ ಮೊಕ್ತೇಸರರನ್ನೂ, ಬಸದಿಯಾದರೆ ಅಲ್ಲಿನ ಇಂದ್ರರನ್ನು (ಜೈನ ಪುರೋಹಿತರನ್ನು), ಮಸೀದಿಯಾದರೆ ಜಮಾತಿನ ಹಿರಿಯರನ್ನು, ಚರ್ಚ್ ಆದರೆ ಧರ್ಮಗುರುಗಳನ್ನು ಕೇಳಿ. ಗರಡಿ (ವೀರಪುರುಷರನ್ನು ಆರಾಧಿಸುವ ಗುಡಿ), ದೈವಸ್ಥಾನಗಳಿಗೆ ಅವುಗಳನ್ನು ನಡೆಸಿಕೊಂಡು ಬಂದ ಮನೆತನದ ಒಪ್ಪಿಗೆ ಬೇಕು. ಅರ್ಚಕರು ತಲೆಯಾಡಿಸಿದರು ಎಂದು ಫೋಟೋ ತೆಗೆದು, ಆಮೇಲೆ ಮೊಕ್ತೇಸರರ ಮುಂದೆ ಉತ್ತರ ಕೊಡಲಾಗದೆ ನಿಲ್ಲುವುದು ಇಬ್ಬರಿಗೂ ಮುಜುಗರ. ಗರ್ಭಗುಡಿಯ ಕಡೆಗೆ ಮೊಬೈಲ್ ಎತ್ತಲೇ ಬೇಡಿ.

ನಾಗಬನದ ಒಳಗೆ ಕಾಲಿಡಬೇಡಿ. ಅಲ್ಲಿ ಹಳೆಯ ನಾಗರಕಲ್ಲುಗಳು ಕಾಣುತ್ತವೆ, ಆಸೆಯಾಗುತ್ತದೆ. ಹೊರಗಿನಿಂದ ಎಷ್ಟು ಕಾಣುತ್ತದೋ ಅಷ್ಟನ್ನೇ ಬರೆದುಕೊಳ್ಳಿ. ನಂಬಿಕೆಯನ್ನು ಮೀರಿ ಪಡೆದ ಮಾಹಿತಿಯಿಂದ ಆ ಊರಿನಲ್ಲಿ ಮುಂದೆ ಯಾರಿಗೂ ಬಾಗಿಲು ತೆರೆಯುವುದಿಲ್ಲ.

ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಫಲಕವಿರುತ್ತದೆ. ಫಲಕ ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದೋ ರಾಜ್ಯ ಇಲಾಖೆಯದೋ ಎಂದು ಓದಿಕೊಳ್ಳಿ, ಏಕೆಂದರೆ ನಿಯಮ ಬೇರೆ, ಕೇಳಬೇಕಾದ ಕಚೇರಿ ಬೇರೆ. ಟ್ರೈಪಾಡ್, ಡ್ರೋನ್ ಬಳಸುವುದಿದ್ದರೆ ಮೊದಲೇ ಲಿಖಿತ ಅನುಮತಿ ಪಡೆಯಿರಿ.

## ಹಂತ 4: ನೀರಿನಿಂದ ನಡೆಯಲು ಆರಂಭಿಸಿ

ಈ ಊರುಗಳು ಬೆಳೆದದ್ದು ದೋಣಿಯ ವ್ಯಾಪಾರದಿಂದ. ಬಾರಕೂರಿಗೆ ಸೀತಾನದಿ, ಬಸರೂರಿಗೆ ವಾರಾಹಿ. ಹೆದ್ದಾರಿಯ ಕಡೆಯಿಂದ ಊರಿಗೆ ಬಂದರೆ ಹಿಂಬಾಗಿಲಿನಿಂದ ಮನೆಗೆ ಬಂದ ಹಾಗೆ. ಯಾವುದು ಮುಂಭಾಗ, ಯಾವುದು ಹಿತ್ತಿಲು ಎಂದೇ ತಿಳಿಯುವುದಿಲ್ಲ. ಹೊಳೆಯ ದಂಡೆಗೆ ಮೊದಲು ಹೋಗಿ, ಅಲ್ಲಿಂದ ಪೇಟೆಯ ಕಡೆಗೆ ಬರುವ ಹಳೆಯ ದಾರಿಯನ್ನು ಹುಡುಕಿ. ಅಗಲವಾಗಿ, ಎರಡೂ ಬದಿಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪಾಗಾರ ಇರುವ ತಗ್ಗಿನ ಓಣಿ ಸಾಮಾನ್ಯವಾಗಿ ಹಳೆಯದು.

ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ, ಹತ್ತಿರದ ದಂಡೆಯಲ್ಲಿ ಭರತ ಇಳಿತದ ಹೊತ್ತನ್ನು ಸ್ಥಳೀಯ ಮೀನುಗಾರರಲ್ಲಿ ಕೇಳಿಕೊಂಡೇ ಇಳಿಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು. ನೀರು ಇಳಿದಾಗ ಹಳೆಯ ಕಟ್ಟೆಯ ಸಾಲುಕಲ್ಲುಗಳು ಕಾಣಬಹುದು. ಅದೇ ಹೊತ್ತಿಗೆ ಕೆಸರು ಮೊಣಕಾಲಿನವರೆಗೆ ಎಳೆದುಕೊಳ್ಳಲೂಬಹುದು.

ಮೊದಲ ದಿನ ಯಾವ ಕಟ್ಟಡದ ಒಳಗೂ ಹೋಗದೆ ಬರೀ ನಡೆಯಿರಿ. ಇಡೀ ಕ್ರಮದಲ್ಲಿ ಜನ ತಪ್ಪದೆ ಬಿಟ್ಟುಬಿಡುವ ಕೆಲಸ ಇದು. ಕೇರಿಯಿಂದ ಕೇರಿಗೆ ಹೆಜ್ಜೆ ಎಣಿಸಿ, ಕೆರೆ, ಬಾವಿ, ಅಶ್ವತ್ಥಕಟ್ಟೆ, ಗುಡಿ, ಹಳೆಯ ಮನೆ ಎಲ್ಲವನ್ನೂ ಒಂದು ಕೈನಕ್ಷೆಯಲ್ಲಿ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ. ಮುಂದಿನ ಎಲ್ಲ ಫೋಟೋ, ಎಲ್ಲ ಟಿಪ್ಪಣಿ ಈ ಸಂಖ್ಯೆಗೇ ಸೇರಬೇಕು.

ಕೋಟೆಯ ಅವಶೇಷಗಳ ಸುತ್ತ ನಡೆಯುವಾಗ ಕಣ್ಣು ನೆಲದ ಮೇಲಿರಲಿ. ಕಟ್ಟೆಯಿಲ್ಲದ ಪಾಳುಬಾವಿಗಳನ್ನು ಬಳ್ಳಿ ಮುಚ್ಚಿರುತ್ತದೆ. ಮುರಕಲ್ಲಿನ ಸಂದುಗಳಲ್ಲಿ ಹಾವು ಇರುತ್ತದೆ, ಆದುದರಿಂದ ಕೈಯಿಟ್ಟು ಹತ್ತಬೇಡಿ. ಒಬ್ಬರೇ ಹೋಗಬೇಡಿ.

## ಹಂತ 5: ಕಟ್ಟಡವನ್ನು ಹೊರಗಿನಿಂದ ಒಳಗೆ, ಕೆಳಗಿನಿಂದ ಮೇಲಕ್ಕೆ ನೋಡಿ

ಎರಡನೆಯ ದಿನ ಕಟ್ಟಡಗಳಿಗೆ ಬನ್ನಿ. ಮೊದಲು ಹೊರಗೆ ಒಂದು ಪೂರ್ತಿ ಸುತ್ತು ಹಾಕಿ, ತಳವಿನ್ಯಾಸದ ಆಕಾರ ಬರೆಯಿರಿ: ಚೌಕವೇ, ಆಯತವೇ, ಹಿಂಬದಿ ದುಂಡಗಿನ ಗಜಪೃಷ್ಠವೇ? ಗಜಪೃಷ್ಠ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗಬೇಕಾದರೆ ಉಡುಪಿಯ ಅನಂತೇಶ್ವರಕ್ಕೆ ಒಂದು ಪ್ರದಕ್ಷಿಣೆ ಬಂದುಬಿಡಿ.

ಆಮೇಲೆ ಅಧಿಷ್ಠಾನ (ಕಟ್ಟಡದ ಬುಡದ ಜಗತಿ), ಗೋಡೆ, ಮಾಡು (ಚಾವಣಿ), ಹೀಗೆ ಮೇಲಕ್ಕೆ ಬನ್ನಿ. ಮಾಡು ಬದಲಾಗುತ್ತಲೇ ಇರುತ್ತದೆ; ಅಧಿಷ್ಠಾನ ಅಪರೂಪಕ್ಕೆ ಬದಲಾಗುತ್ತದೆ. ಹಾಗಾಗಿ ವಯಸ್ಸಿನ ಸುಳಿವು ಕೆಳಗೆ ಹೆಚ್ಚು. ಮುರಕಲ್ಲಿನಲ್ಲಿ ಸೂಕ್ಷ್ಮ ಕೆತ್ತನೆ ನಿಲ್ಲುವುದಿಲ್ಲವಾದ್ದರಿಂದ ಬಾಗಿಲವಾಡ, ಕಂಬ, ಪೀಠಗಳನ್ನು ಹೆಚ್ಚಾಗಿ ಕಗ್ಗಲ್ಲಿನಲ್ಲಿ ಮಾಡಿದ್ದಾರೆ. ಗೋಡೆ ಸಾದಾ ಇದೆ ಎಂದು ಮುಂದೆ ಹೋಗಿಬಿಟ್ಟವರು ಬಾಗಿಲವಾಡದ ಲಲಾಟವನ್ನು (ಮೇಲಿನ ಅಡ್ಡಪಟ್ಟಿಯ ನಡುಭಾಗವನ್ನು), ಕಂಬದ ಬುಡವನ್ನು ನೋಡಿಯೇ ಇರುವುದಿಲ್ಲ.

ಮುರಕಲ್ಲಿನ ಮೈ ನೋಡಿ. ಕೈಯಿಂದ ಕಡಿದ ಕಲ್ಲಿನ ಮೇಲೆ ಓರೆಯಾದ, ಒಂದಕ್ಕೊಂದು ಹೊಂದದ ಪಿಕಾಸಿಯ ಗುರುತುಗಳಿರುತ್ತವೆ. ಯಂತ್ರದ ಗರಗಸ ಕೊಯ್ದ ಕಲ್ಲಿನ ಮೈ ನುಣುಪು, ಗೆರೆಗಳು ಸಮ. ಸಂದಿನ ಗಾರೆ ಬಿಳಿಯಾಗಿ, ನಡುನಡುವೆ ಚಿಪ್ಪಿನ ಚೂರುಗಳಿದ್ದರೆ ಅದು ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣ. ಬೂದು ಬಣ್ಣದ ಗಟ್ಟಿ ಪದರವಾದರೆ ಸಿಮೆಂಟು. ಒಂದೇ ಗೋಡೆಯಲ್ಲಿ ಎರಡೂ ಇದ್ದರೆ, ಎಲ್ಲಿ ಒಂದು ಮುಗಿದು ಇನ್ನೊಂದು ಆರಂಭವಾಗುತ್ತದೆಂಬ ಗೆರೆಯನ್ನು ಬರೆದುಕೊಳ್ಳಿ. ಜೀರ್ಣೋದ್ಧಾರದ ಇತಿಹಾಸ ಆ ಗೆರೆಯಲ್ಲಿದೆ.

ಇನ್ನು ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅವರ ಹಂಚಿನ ಮೇಲೆ ಆ ಇಸವಿಯೇ ಅಚ್ಚಾಗಿರುತ್ತದೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ, ಮನೆ ಕಟ್ಟಿದ ವರ್ಷವಂತೂ ಅಲ್ಲವೇ ಅಲ್ಲ. ನಾನು ಮೊದಲ ಸಲ ಬರೆದ ಟಿಪ್ಪಣಿಯಲ್ಲಿ ಒಂದು ಚಾವಡಿ ಮನೆಯ ಎದುರು ‘1865’ ಎಂದು ಬರೆದುಬಿಟ್ಟಿದ್ದೆ. ಹಂಚುಗಳನ್ನು ಇನ್ನೊಂದು ಮನೆ ಕೆಡವಿದಾಗ ಕೊಂಡುತಂದದ್ದು ಎಂದು ಮನೆಯವರೇ ತಿದ್ದಿದರು. ಹಂಚು ನಿಮಗೆ ಕೊಡುವುದು ಒಂದೇ ಒಂದು ಮಾತು: ಈ ಹಂಚು ಆ ವರ್ಷಕ್ಕಿಂತ ಹಿಂದಿನದಲ್ಲ.

ಅಪಾಯದ ಲಕ್ಷಣಗಳು: ಮಾಡಿನ ಏಣು ನಡುವೆ ತಗ್ಗಿದ್ದರೆ, ತೊಲೆಯ ತುದಿಯಲ್ಲಿ ಗೆದ್ದಲಿನ ಮಣ್ಣಿದ್ದರೆ, ಗೋಡೆಯ ನೆತ್ತಿಯಲ್ಲಿ ಅಶ್ವತ್ಥದ ಗಿಡ ಬೇರು ಬಿಟ್ಟಿದ್ದರೆ ಒಳಗೆ ಹೋಗಬೇಡಿ. ಆ ಗಿಡವನ್ನು ಕೀಳಲೂ ಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ. ಮುರಕಲ್ಲಿನ ಗೋಡೆಗೆ ಹೊಸದಾಗಿ ಸಿಮೆಂಟು ಬಳಿದು ಅದರ ಬುಡದಲ್ಲಿ ತೇವ, ಬಿಳಿ ಉಪ್ಪು ಕಂಡರೆ ಒಳಗಿನ ಕಲ್ಲು ಹುಡಿಯಾಗುತ್ತಿದೆ ಎಂದು ತಿಳಿಯಿರಿ. ಇದನ್ನು ಫೋಟೋ ಸಹಿತ ಬರೆದು ಆಡಳಿತದವರಿಗೆ ಕೊಡಿ.

## ಹಂತ 6: ಶಾಸನದ ಮುಂದೆ ಕುಳಿತುಕೊಳ್ಳಿ

ಇದಕ್ಕೆ ಒಂದು ಇಡೀ ದಿನ ಮೀಸಲಿಡಿ. ಶಾಸನದ ಕಲ್ಲು ದೇವಸ್ಥಾನದ ಅಂಗಳದಲ್ಲೇ ಇರಬೇಕೆಂದಿಲ್ಲ. ಬಾವಿಕಟ್ಟೆಯ ಹಾಸುಗಲ್ಲಾಗಿ, ಗದ್ದೆಯ ಅಂಚಿನಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ ಸಹ ಸಿಕ್ಕಿವೆ.

ಮೇಲಿನಿಂದ ಆರಂಭಿಸಿ. ನೆತ್ತಿಯಲ್ಲಿ ಲಿಂಗ, ಸೂರ್ಯಚಂದ್ರ, ಹಸು ಕರು ಇದ್ದರೆ ಶೈವ ದತ್ತಿಯ ಸೂಚನೆ. ಮುಕ್ಕೊಡೆಯ ಕೆಳಗೆ ಜಿನಬಿಂಬವಿದ್ದರೆ ಜೈನ. ಇದನ್ನು ಚಿತ್ರ ಬರೆದುಕೊಂಡ ಮೇಲೆಯೇ ಅಕ್ಷರಕ್ಕೆ ಹೋಗಿ.

ಬೆಳಕು ಇಲ್ಲಿ ಎಲ್ಲಕ್ಕಿಂತ ಮುಖ್ಯ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಅಕ್ಷರವೇ ಮೂಡುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೇಕು, ಇಲ್ಲವೇ ನೆರಳಿನಲ್ಲಿ ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ತಾಗುವಂತೆ ಬದಿಯಿಂದ ಹಿಡಿಯಬೇಕು. ಮೊದಲು ಎಡದಿಂದ, ಮತ್ತೆ ಮೇಲಿನಿಂದ: ಒಂದೇ ಜಾಗದ ಎರಡು ಫೋಟೋ. ಎಡದ ಬೆಳಕಿಗೆ ಕಾಣದ ಅಡ್ಡಗೆರೆ ಮೇಲಿನ ಬೆಳಕಿಗೆ ಕಾಣುತ್ತದೆ. ಅಡಿಕೋಲನ್ನು ಪಕ್ಕದಲ್ಲಿಟ್ಟು, ಕ್ಯಾಮೆರಾವನ್ನು ಕಲ್ಲಿಗೆ ನೇರ ಹಿಡಿದು, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ಪಟ್ಟಿಪಟ್ಟಿಯಾಗಿ ತೆಗೆಯಿರಿ.

ಒಣ ಧೂಳನ್ನು ಮೃದು ಬ್ರಷ್‌ನಿಂದ ಸವರಬಹುದು. ಅದಕ್ಕಿಂತ ಮುಂದೆ ಹೋಗಬೇಡಿ. ಅಕ್ಷರದ ಗುಳಿಗೆ ಸೀಮೆಸುಣ್ಣ ತುಂಬಿದವರು ತಮಗೆ ಕಂಡ ಅಕ್ಷರವನ್ನೇ ಕಲ್ಲಿನ ಮೇಲೆ ಬರೆದಂತಾಗುತ್ತದೆ. ಮುಂದೆ ಓದುವವರಿಗೆ ನಿಜವಾದ ಗೆರೆ ಯಾವುದೆಂದು ತಿಳಿಯುವುದಿಲ್ಲ. ಎಣ್ಣೆ ಹಚ್ಚಿದರೆ ಧೂಳು ಕೂತು ಗಟ್ಟಿಯಾಗುತ್ತದೆ. ತಂತಿಯ ಬ್ರಷ್ ಅಕ್ಷರವನ್ನೇ ತಿನ್ನುತ್ತದೆ. ಕಲ್ಲಿನ ಅರ್ಧ ಮಣ್ಣಿನಲ್ಲಿದ್ದರೆ ಅಗೆಯಬೇಡಿ. ಕಾಗದದ ಮೇಲೆ ಅಚ್ಚು ತೆಗೆಯುವುದು ತಜ್ಞರ ಕೆಲಸ. ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ ಮೈಸೂರಿನಲ್ಲಿದೆ.

ಓದಲು ಮೊದಲ ಸಾಲಿನಿಂದ ಅಕ್ಷರ ಅಕ್ಷರವಾಗಿ ಹೆಣಗಬೇಡಿ. ನಿಮಗೆ ಮೊದಲೇ ಗೊತ್ತಿರುವ ಮಾತನ್ನು ಹುಡುಕಿ. ಆರಂಭದಲ್ಲಿ ‘ಸ್ವಸ್ತಿಶ್ರೀ’ ಅಥವಾ ‘ನಮಸ್ತುಂಗ’, ಜೈನವಾದರೆ ‘ಶ್ರೀಮತ್ಪರಮಗಂಭೀರ’, ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪಾಶಯ. ಇವು ಸಿಕ್ಕರೆ ಆ ಕಲ್ಲಿನ ಲಿಪಿಕಾರ ಸ, ವ, ದ, ತ, ಪ, ರಗಳನ್ನು ಹೇಗೆ ಬರೆಯುತ್ತಾನೆ ಎಂಬ ಪಟ್ಟಿ ಸಿಕ್ಕಿತು. ಅದನ್ನು ನೋಟುಪುಸ್ತಕದ ಅಂಚಿನಲ್ಲಿ ಬರೆದುಕೊಂಡು ನಡುವಿನ ಸಾಲುಗಳಿಗೆ ಬನ್ನಿ. ಹಳೆಯ ಲಿಪಿಯಲ್ಲಿ ಎ, ಏ, ಒ, ಓ ಸ್ವರಗಳ ಹ್ರಸ್ವ ದೀರ್ಘ ಭೇದ ಕಾಣಿಸುವುದಿಲ್ಲ ಎಂಬುದು ನೆನಪಿರಲಿ. ‘ಕೆರಿ’ ಎಂದು ಕಂಡದ್ದು ‘ಕೇರಿ’ಯೇ ಇರಬಹುದು. ಗದ್ಯಾಣ (ನಾಣ್ಯ), ಮುಡಿ (ಅಕ್ಕಿಯ ಅಳತೆ), ನಖರ, ಹಂಜಮಾನ (ವರ್ತಕರ ಸಂಘಗಳು), ಹಲರು, ಇವು ಕರಾವಳಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು, ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ.

ತೇದಿಯ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ವರ್ಷದ ಕೊನೆಯ ತಿಂಗಳುಗಳು ಜನವರಿ ದಾಟಿದರೆ 79. ಅಂಕಿ ಸವೆದಿದ್ದರೆ ಸಂವತ್ಸರದ ಹೆಸರಿನಿಂದ ತಾಳೆ ನೋಡಿ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಅರುವತ್ತನೆಯದಾದ ಅಕ್ಷಯ. ವಿಜಯನಗರ ಸ್ಥಾಪನೆಗೆ ಸಂಪ್ರದಾಯ ಹೇಳುವ ಶಕ 1258ನ್ನು ಹಿಡಿಯಿರಿ. 12 ಕೂಡಿದರೆ 1270, ಶೇಷ 10, ಹತ್ತನೆಯ ಸಂವತ್ಸರ ಧಾತು. ಇಸವಿ 1336. ಕಲ್ಲಿನ ಮೇಲಿನ ಸಂವತ್ಸರಕ್ಕೂ ನಿಮ್ಮ ಲೆಕ್ಕಕ್ಕೂ ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕೆಲವು ಶಾಸನಗಳು ನಡೆಯುತ್ತಿರುವ ವರ್ಷವನ್ನು, ಕೆಲವು ಸಂದ ವರ್ಷವನ್ನು ಎಣಿಸುತ್ತವೆ. ಹತ್ತು ಇಪ್ಪತ್ತು ವರ್ಷದ ವ್ಯತ್ಯಾಸ ಬಂದರೆ ಅಂಕಿಯನ್ನು ತಪ್ಪು ಓದಿದ್ದೀರಿ. ಈ ಸೀಮೆಯಲ್ಲಿ ಮೇಷ, ಸಿಂಹ, ಕನ್ಯಾ ಎಂಬ ಸೌರಮಾಸಗಳೂ ಬರುತ್ತವೆ. ಅವನ್ನು ಚೈತ್ರ, ಭಾದ್ರಪದ ಎಂದು ಬದಲಿಸಿ ಬರೆಯಬೇಡಿ.

## ಹಂತ 7: ಹಿರಿಯರ ಜಗಲಿ

‘ಇದು ಎಷ್ಟು ವರ್ಷ ಹಳೆಯದು ಅಜ್ಜಾ?’ ಎಂದು ಕೇಳಿದರೆ ‘ಸಾವಿರ ವರ್ಷ’ ಎಂಬ ಉತ್ತರ ಬರುತ್ತದೆ, ಮಾತು ಮುಗಿಯುತ್ತದೆ. ಅವರು ಕಣ್ಣಾರೆ ಕಂಡದ್ದನ್ನು ಕೇಳಿ. ‘ನಿಮ್ಮ ಸಣ್ಣಂದಿನಲ್ಲಿ ಈ ಮಾಡಿಗೆ ಏನು ಹೊದೆಸುತ್ತಿದ್ದರು? ಮುಳಿಹುಲ್ಲೇ, ಹಂಚೇ?’ ‘ದೋಣಿ ಎಲ್ಲಿಯವರೆಗೆ ಬರುತ್ತಿತ್ತು?’ ‘ಈ ಕಲ್ಲು ಮೊದಲಿನಿಂದ ಇಲ್ಲೇ ಇತ್ತೇ?’ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಶಾಸನದಷ್ಟೇ ಬೆಲೆಯುಳ್ಳದ್ದು.

ವರ್ಷ ನೆನಪಾಗದಿದ್ದರೆ ಊರಿಗೆಲ್ಲ ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ: 1974ರ ಭೂಸುಧಾರಣೆಗೆ ಮೊದಲೋ ಆಮೇಲೋ, ಕೊಂಕಣ ರೈಲು ಬರುವ ಮೊದಲೋ ಆಮೇಲೋ. ಆದರೆ ಗೇಣಿ, ಒಕ್ಕಲುಗಳ ಮಾತು ಕೆಲವು ಮನೆಗಳಲ್ಲಿ ಇನ್ನೂ ಹಸಿಗಾಯ. ಮುಖ ಸಪ್ಪೆಯಾದರೆ ಮಾತು ಬದಲಿಸಿ.

ಅಳಿಯಸಂತಾನ ಕಟ್ಟಳೆ ತಂದನೆನ್ನುವ ರಾಜ ಭೂತಾಳಪಾಂಡ್ಯನ ಕಥೆ, ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂಬ ಮಾತು ಬಾರಕೂರಿನಲ್ಲಿ ಖಂಡಿತ ಕಿವಿಗೆ ಬೀಳುತ್ತವೆ. ಬರೆದುಕೊಳ್ಳಿ, ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ, ‘ಐತಿಹ್ಯ’ ಎಂಬ ತಲೆಬರಹದ ಕೆಳಗೆ. ಅದನ್ನು ತೇದಿಗೆ ಆಧಾರ ಮಾಡಬೇಡಿ, ಹೇಳಿದವರ ಎದುರು ಅಲ್ಲಗಳೆಯಲೂ ಬೇಡಿ.

## ಹಂತ 8: ಅಚ್ಚಾದ ದಾಖಲೆಯೊಂದಿಗೆ ತಾಳೆ

ಇಲ್ಲಿ ಬಹಳ ಜನ ತಪ್ಪು ಕಪಾಟಿನಲ್ಲಿ ಹುಡುಕುತ್ತಾರೆ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಮೂಲ ಸಂಪುಟಗಳು ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನವು. ದಕ್ಷಿಣ ಕನ್ನಡ, ಉಡುಪಿಯ ಭಾಗ 1956ರವರೆಗೆ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಹೋಯಿತು. ಆದುದರಿಂದ ಬಾರಕೂರಿನ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಏಳನೆಯ ಸಂಪುಟದಲ್ಲಿ ನೋಡಬೇಕು. ಪಾಠ ಕನ್ನಡ ಲಿಪಿಯಲ್ಲೇ ಇದೆ. ಅಲ್ಲಿ ಕೊಟ್ಟಿರುವ ಜಾಗ ಪಡಿಯಚ್ಚು ತೆಗೆದ ಕಾಲದ್ದು; ಕಲ್ಲು ಅಲ್ಲಿಂದ ಸರಿದಿರಬಹುದು. ಪಾಠದ ಮೊದಲ ಮತ್ತು ಕೊನೆಯ ಸಾಲುಗಳನ್ನು ನಿಮ್ಮ ಫೋಟೋದೊಂದಿಗೆ ಹೋಲಿಸಿಯೇ ಇದು ಅದೇ ಕಲ್ಲು ಎಂದು ತೀರ್ಮಾನಿಸಿ.

ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳನ್ನೂ ಕೇಳಿ ಪಡೆಯಿರಿ. ಅವುಗಳ ಇತಿಹಾಸ ಲೇಖನಗಳು ಒಂದರಿಂದ ಇನ್ನೊಂದಕ್ಕೆ ನಕಲಾಗಿರುವುದುಂಟು. ಅದಕ್ಕಿಂತ ಅದರಲ್ಲಿನ ಹಳೆಯ ಫೋಟೋಗಳು, ಜೀರ್ಣೋದ್ಧಾರದ ತಾರೀಖುಗಳು ಹೆಚ್ಚು ಉಪಯುಕ್ತ.

## ಹಂತ 9: ಬರೆದಿಡುವುದು, ಯಾವುದನ್ನು ಹಂಚಬಾರದು ಎಂಬುದು

ಅದೇ ರಾತ್ರಿ ಫೋಟೋಗಳಿಗೆ ಹೆಸರಿಡಿ: ಕೈನಕ್ಷೆಯ ಸಂಖ್ಯೆ, ದಿಕ್ಕು, ತಾರೀಖು. ಒಂದು ವಾರ ಬಿಟ್ಟರೆ ಯಾವ ಕಂಬ ಯಾವ ಗುಡಿಯದೆಂದು ನಿಮಗೇ ಹೇಳಲಾಗುವುದಿಲ್ಲ. ಪ್ರತಿ ಕಟ್ಟಡದ ಪುಟದಲ್ಲಿ ಮೂರು ಭಾಗ ಬೇರೆ ಬೇರೆ ಇರಲಿ: ಕಂಡದ್ದು, ಕೇಳಿದ್ದು, ನನ್ನ ಊಹೆ.

ಬಯಲಿನಲ್ಲಿ ಬಿದ್ದಿರುವ ಮೂರ್ತಿ, ವೀರಗಲ್ಲುಗಳ ನಿಖರವಾದ ಜಾಗವನ್ನು ಮೊಬೈಲ್‌ನಲ್ಲಿ ಹರಿಯಬಿಡಬೇಡಿ, ಮೂರ್ತಿಚೋರರೂ ಓದುತ್ತಾರೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಲೋಹದ ವಸ್ತುಗಳು 1972ರ ಕಾನೂನಿನಂತೆ ಪ್ರಾಚ್ಯವಸ್ತುಗಳು. ತಾಳೆಗರಿಯಂತಹ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಗದ್ದೆಯಲ್ಲಿ ಸಿಕ್ಕ ನಾಣ್ಯವನ್ನು ಯಾರಾದರೂ ಪ್ರೀತಿಯಿಂದ ಕೈಗಿಟ್ಟರೂ ತರಬೇಡಿ. ಫೋಟೋ ತೆಗೆದು ಹಿಂದಿರುಗಿಸಿ, ತಹಶೀಲ್ದಾರರ ಕಚೇರಿಗೆ ತಿಳಿಸುವಂತೆ ಹೇಳಿ.

ಟಿಪ್ಪಣಿಯ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ದೇವಸ್ಥಾನದ ಕಚೇರಿಗೂ ಊರಿನ ಶಾಲೆಗೂ ಕೊಡಿ. ಜಗಲಿಯಲ್ಲಿ ಕೂತು ಮಾತನಾಡಿದ ಹಿರಿಯರ ಮನೆಗೆ ನೀವೇ ಹೋಗಿ, ಅವರು ಹೇಳಿದ ಭಾಗವನ್ನು ಅವರಿಗೆ ಓದಿ ಹೇಳಿ. ಆಗ ಅವರು ತಿದ್ದುವ ಸಾಲುಗಳಿಗಾಗಿ ಪೆನ್ಸಿಲ್ ಕೈಯಲ್ಲಿರಲಿ.